ಹೇಳಿ ಕಳಿಸುವ ನೀರು

ನನಗೆ ಮೆಟ್ಟಿಲು ಕಂಡರೆ ಭಯ. ಹತ್ತುವ ಮೆಟ್ಟಿಲಲ್ಲ, ಇಳಿಯುವ ಮೆಟ್ಟಿಲು. ಅದೂ ನಾನು ಇಳಿಯುವಾಗ ಅಲ್ಲ, ನನ್ನ ಮಗಳು ಇಳಿಯುವಾಗ. ಹಿರಿಯೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲೇ ಬಾಗಿಲ ಮುಂದೆ ಎಷ್ಟು ಮೆಟ್ಟಿಲಿವೆ ಎಂದು ಎಣಿಸುತ್ತಿದ್ದೆ. ಮನೆ ತೋರಿಸಲು ಬಂದವರು ನನ್ನನ್ನು ಅರೆಹುಚ್ಚಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನಮ್ಮ ಮನೆಗೆ ಆ ಕಾಯಿಲೆ ಬಂದದ್ದು ನಮಗೆ ಮೊದಲು ಕಂಡದ್ದೇ ಮೆಟ್ಟಿಲ ಮೇಲೆ.

ನಮ್ಮಪ್ಪ ನೀರಗಂಟಿ. ಹೊಸದುರ್ಗ ತಾಲ್ಲೂಕಿನಲ್ಲಿ, ಮಾಡದಕೆರೆಗೆ ಹೋಗುವ ಕಡೆ ನಮ್ಮೂರು. ಊರ ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಅವನಪ್ಪನದೂ ಅದೇ ಆಗಿತ್ತು. ಏರಿಯ ಒಳಮೈಗೆ ಕಲ್ಲಿನ ಮೆಟ್ಟಿಲುಗಳಿದ್ದವು. ಅವನ್ನು ಇಳಿದು ಹೋಗಿ ತೂಬಿನ ಬಾಯಿಗೆ ಬಡಿದ ಮರದ ಬಿರಡೆಯನ್ನು ಎತ್ತಬೇಕು. ಅಪ್ಪ ಒಮ್ಮೆಲೇ ಪೂರ್ತಿ ಎತ್ತುತ್ತಿರಲಿಲ್ಲ. ಮೊದಲು ಬೆಳಿಗ್ಗೆ ನಾಲ್ಕು ಬೆರಳಷ್ಟು ಸಡಿಲಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ನೀರು ಬಿಟ್ಟು, ಮತ್ತೆ ಮುಚ್ಚಿಬಿಡುತ್ತಿದ್ದ. ಆ ನೀರಿಗೆ ಒಂದು ಮಡಿಯೂ ನೆನೆಯುತ್ತಿರಲಿಲ್ಲ. ಆದರೆ ಒಣಗಿದ ಕಾಲುವೆ ಒದ್ದೆಯಾದದ್ದು ಕಂಡ ಕೂಡಲೇ ಕೆಳಗಿನ ಗದ್ದೆಯವರಿಗೆ ವಿಷಯ ತಿಳಿಯುತ್ತಿತ್ತು. ಸಲಿಕೆ ಹಿಡಿದು ಬಂದು ಕಾಲುವೆಯ ಕಸ ಎಳೆಯುವವರು, ಕಿತ್ತುಹೋದ ಬದು ಕಟ್ಟುವವರು, ತಮ್ಮ ಪಾಳಿ ಯಾವುದೆಂದು ಜಗಳಕ್ಕೆ ನಿಲ್ಲುವವರು, ಎಲ್ಲರೂ ಎದ್ದು ಹೊರಡುತ್ತಿದ್ದರು. ನಿಜವಾದ ನೀರು ಆಮೇಲೆ. ಮೊದಲಿನದನ್ನು ಅಪ್ಪ ಹೇಳಿ ಕಳಿಸೋ ನೀರು ಎನ್ನುತ್ತಿದ್ದ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮನಿಗೆ ಆಗ ಹತ್ತು ವರ್ಷ. ತೂಬಿನ ಕೆಲಸ ಮುಂದೆ ಅವನದೇ ತಾನೆ, ಹಾಗಾಗಿ ಅಪ್ಪ ಅವನನ್ನು ಏರಿಗೆ ಕರೆದೊಯ್ಯತೊಡಗಿದ್ದ. ರಜೆಗೆ ಊರಿಗೆ ಹೋದಾಗ ಅವ್ವ ನಗುತ್ತಲೇ ಹೇಳಿದಳು, ನಿನ್ನ ತಮ್ಮ ನೀರಗಂಟಿ ಮಗನಾಗಿ ನೀರು ಕಂಡರೆ ಹೆದರುತ್ತಾನೆ ಎಂದು. ಮೆಟ್ಟಿಲು ಇಳಿಯುವಾಗ ಎರಡನೆಯದರಲ್ಲೋ ಮೂರನೆಯದರಲ್ಲೋ ಮುಗ್ಗರಿಸುತ್ತಾನಂತೆ. ಕೆಳಗೆ ನೋಡೋ ಎಂದರೆ ಕತ್ತನ್ನೇ ಬಗ್ಗಿಸುತ್ತಾನಂತೆ, ಕಣ್ಣು ಮಾತ್ರ ಎದುರಿಗೇ ಇರುತ್ತದಂತೆ. ನಾನೂ ನಕ್ಕೆ. ಜೀವಶಾಸ್ತ್ರ ಓದುತ್ತಿದ್ದವಳು ನಾನು, ನಕ್ಕೆ.

ಅಪ್ಪ ನಗಲಿಲ್ಲ. ನಮ್ಮ ಮನೆತನದಲ್ಲಿ ನೀರಿನ ಭಯ ಬಿಡಿಸಲು ಒಂದು ರೂಢಿ ಇತ್ತು. ಭಯ ಬಿದ್ದವನನ್ನು ತೂಬಿನ ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಕಾಲಿಗೆ ಕಲ್ಲಿನ ಪರಿಚಯ ಆಗುವ ತನಕ ಬಿಡುತ್ತಿರಲಿಲ್ಲ. ಅಪ್ಪನೂ ಹಾಗೇ ಕಲಿತವನು. ದಿನಾ ಶಾಲೆಗೆ ಹೋಗುವ ಮೊದಲು ತಮ್ಮ ಇಪ್ಪತ್ತು ಸಲ ಇಳಿಯಬೇಕು. ಬಿದ್ದರೆ ಇನ್ನೈದು. ಕೈಯಲ್ಲಿ ಹೊಂಗೆ ಬರಲು ಹಿಡಿದು ಅಪ್ಪ ಮೇಲೆ ನಿಂತಿರುತ್ತಿದ್ದ. ಹುಡುಗನ ಮೊಣಕಾಲ ಗಾಯ ಒಂದು ದಿನವೂ ಒಣಗಿದ್ದು ನಾನು ನೋಡಲಿಲ್ಲ. ಅವನು ಅಳುತ್ತಾ ಏನೋ ಹೇಳುತ್ತಿದ್ದ. ಭಯಕ್ಕೆ ನೆಪ ಹುಡುಕುತ್ತಾನೆ ಎಂದು ನಾವೆಲ್ಲ ತಿಳಿದೆವು.

ಆಮೇಲೆ ನಗು ಕೆಟ್ಟಿತು. ತಮ್ಮ ಜೋರಾಗಿ ನಕ್ಕರೆ ಮೊಣಕಾಲು ಕಳಚಿದಂತೆ ಕುಸಿಯುತ್ತಿದ್ದ. ಪ್ರಜ್ಞೆ ಇರುತ್ತಿತ್ತು, ಕಣ್ಣು ತೆರೆದೇ ಇರುತ್ತಿದ್ದವು, ಮೈಯಲ್ಲಿ ಮಾತ್ರ ಬಲ ಇರುತ್ತಿರಲಿಲ್ಲ. ಮೊದಲ ಸಲ ತಮಾಷೆಗೆ ಬಿದ್ದ ಎಂದುಕೊಂಡೆವು. ಎರಡನೆಯ ಸಲ ಒಲೆಯ ಹತ್ತಿರ ಬಿದ್ದ. ಅವತ್ತಿನಿಂದ ಅಪ್ಪ ಮನೆಯಲ್ಲಿ ನಗಬಾರದು ಎಂದು ಹೇಳಿಬಿಟ್ಟ. ಒಬ್ಬರ ಕಾಲು ಒಬ್ಬರು ಎಳೆಯದೆ ಒಂದು ಹೊತ್ತಿನ ಊಟ ಮುಗಿಯದ ಮನೆ ನಮ್ಮದು. ನೆಂಟರು ಬಂದು ನಗೆಮಾತು ಶುರು ಮಾಡಿದರೆ ಅವ್ವ ಕಣ್ಸನ್ನೆ ಮಾಡಿ ಸುಮ್ಮನಾಗಿಸುತ್ತಿದ್ದಳು. ತಮ್ಮನಿಗೇ ನಗು ಬಂದರೆ ಗೋಡೆ ಹಿಡಿದುಕೊಳ್ಳುತ್ತಿದ್ದ. ಗೋಡೆ ಹಿಡಿದು ನಗುವ ಹುಡುಗನನ್ನು ನೋಡಿದವರಿಗೇ ಗೊತ್ತು ಆ ಹೆದರಿಕೆ ಎಂಥದ್ದೆಂದು.

ವರ್ಷಗಳು ಹೋದವು. ಅವನ ಮಾತು ತೊದಲಾಯಿತು, ಅಕ್ಷರ ಮರೆತುಹೋಯಿತು, ಶಾಲೆ ಬಿಟ್ಟ. ಹರಕೆ, ತಾಯತ, ನಾಟಿ ಔಷಧಿ, ಚಿತ್ರದುರ್ಗದ ಡಾಕ್ಟರು, ಎಲ್ಲ ಆಯಿತು. ಈ ನಡುವೆ ನಾನು ಎಂ.ಎಸ್ಸಿ. ಮುಗಿಸಿ ಹಿರಿಯೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಲು ಸೇರಿದೆ, ಮದುವೆಯೂ ಆಯಿತು. ಮದುಮಗ ಬೇರೆ ಯಾರೂ ಅಲ್ಲ, ಅವ್ವನ ಕೊನೆಯ ತಮ್ಮ, ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ. ಚಿಕ್ಕಂದಿನಿಂದ ಮಾವ ಎಂದು ಕರೆದವನನ್ನು ಮದುವೆಯಾದ ಮೇಲೂ ಮಾವ ಎಂದೇ ಕರೆದೆ. ನಮ್ಮಲ್ಲಿ ಅದು ಹೊಸತಲ್ಲ. ಅವ್ವನೂ ತನ್ನ ಸೋದರಮಾವನನ್ನೇ ಮಾಡಿಕೊಂಡವಳು.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತಮ್ಮನ ತೋಳಿನ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ನಾನೇ ಹೋಗಿದ್ದೆ. ಇಬ್ಬರು ವೈದ್ಯರ ಹೆಸರು ಜೋಡಿಸಿದ ಒಂದು ಕಾಯಿಲೆಯ ಹೆಸರು ಹೇಳಿದರು. ಜೀವಕೋಶದೊಳಗೆ ಲೈಸೋಸೋಮ್ ಎಂಬ ಸಣ್ಣ ಚೀಲಗಳಿರುತ್ತವೆ, ಅವುಗಳಲ್ಲಿ ಹೊರಗೆ ಹೋಗಬೇಕಾದ ಕೊಬ್ಬು ಹೋಗದೆ ತುಂಬಿಕೊಂಡಿದೆ, ಮೊದಲು ಕಣ್ಣು ಮೇಲೆ ಕೆಳಗೆ ಆಡುವುದು ನಿಲ್ಲುತ್ತದೆ, ಆಮೇಲೆ ಉಳಿದದ್ದು, ಔಷಧಿ ಇಲ್ಲ ಎಂದರು. ತಮ್ಮನಿಗೆ ಕೆಳಗಿನ ಮೆಟ್ಟಿಲು ಕಾಣುತ್ತಲೇ ಇರಲಿಲ್ಲ. ನನಗೆ ಹೊಂಗೆ ಬರಲು ನೆನಪಾಯಿತು.

ಡಾಕ್ಟರು ನಮ್ಮ ಮನೆತನದ ಸಂಬಂಧಗಳನ್ನು ಕಾಗದದ ಮೇಲೆ ಗೆರೆ ಎಳೆದು ಬರೆದುಕೊಂಡರು. ಅಪ್ಪ ಅವ್ವನಿಗೆ ಏನಾಗಬೇಕು, ನನಗೆ ಮದುವೆಯಾಗಿದೆಯೇ, ಗಂಡ ಯಾರು. ನಾನು ಹೇಳಿದೆ. ಅವರ ಪೆನ್ನು ನಿಂತಿತು. ಗಂಡ ಹೆಂಡತಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಮಗು ಮಾಡಿಕೊಳ್ಳುವ ಮೊದಲು ಬಂದು ಮಾತಾಡಿ ಎಂದರು. ನಾನು ಆಗ ಐದು ತಿಂಗಳ ಗರ್ಭಿಣಿ. ಸಡಿಲ ಸೀರೆಯಲ್ಲಿ ಅವರಿಗೆ ಗೊತ್ತಾಗಿರಲಿಲ್ಲ. ಆಯಿತು ಸಾರ್ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಇಡೀ ದಾರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ, ಒಳಗಿದ್ದ ಕೂಸಿಗೆ ಆ ಮಾತು ಕೇಳಿಸದಿರಲಿ ಎಂದು.

ನಾನು ತರಗತಿಯಲ್ಲಿ ಲೈಸೋಸೋಮಿನ ಪಾಠವನ್ನು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದವಳು. ಜೀವಕೋಶದ ಕಸದ ತೊಟ್ಟಿ, ಹಾಳುಮೂಳೆಲ್ಲ ಅಲ್ಲಿ ಜೀರ್ಣ, ಬರೆದುಕೊಳ್ಳಿ, ಮುಂದಿನದು. ಬೆಂಗಳೂರಿನಿಂದ ಬಂದ ಮೇಲೆ ಆ ಚಿತ್ರ ಬರೆಯುವಾಗ ಸೀಮೆಸುಣ್ಣ ಮುರಿಯುತ್ತಿತ್ತು. ಹುಡುಗರು ಪಿಸುಗುಟ್ಟಿದರೆ ರೇಗಿಬಿಡುತ್ತಿದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಆ ವರ್ಷ ಅದು ಮೂಗು ಬಿಟ್ಟು ಇಳಿಯಲೇ ಇಲ್ಲ.

ಮಗಳು ಹುಟ್ಟಿದಳು. ಅವಳಿಗೆ ಒಂದು ವರ್ಷ ತುಂಬುವ ಮೊದಲು ತಮ್ಮ ಹೋದ. ಕೊನೆಯ ದಿನಗಳಲ್ಲಿ ಅವನು ನಗುತ್ತಲೂ ಇರಲಿಲ್ಲ, ಬೀಳುತ್ತಲೂ ಇರಲಿಲ್ಲ, ಮಲಗಿಯೇ ಇದ್ದ. ಅವನ ಕಣ್ಣಿಗೆ ಕಾಣುವಂತೆ ಕೂಸನ್ನು ಎತ್ತರಕ್ಕೂ ಅಲ್ಲ ತಗ್ಗಿಗೂ ಅಲ್ಲ, ಸರಿಯಾಗಿ ಎದುರಿಗೆ ಹಿಡಿಯಬೇಕಾಗಿತ್ತು.

ಮಗಳನ್ನು ಪರೀಕ್ಷೆ ಮಾಡಿಸಬಹುದಿತ್ತು. ಮಾವ ಹಲವು ಸಲ ಹೇಳಿದ. ನಾನು ಒಪ್ಪಲಿಲ್ಲ. ಇಲ್ಲ ಎಂದು ಬಂದರೆ ಸರಿ, ಹೌದು ಎಂದು ಬಂದರೆ ಅವಳು ಓಡಾಡಿಕೊಂಡಿರುವ ಈ ದಿನಗಳೂ ಹಾಳು ಎಂದು ನನ್ನ ವಾದ. ವಾದ ಅದಾದರೂ ಒಳಗಿದ್ದದ್ದು ಬರೀ ಭಯ. ಅದಕ್ಕೆ ನಾನೇ ಮನೆಯಲ್ಲಿ ಪರೀಕ್ಷೆ ಶುರು ಮಾಡಿದೆ. ದಿನಾ ಶಾಲೆಗೆ ಹೊರಡುವ ಮೊದಲು ಅವಳ ಗಲ್ಲವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಚಮಚ ಮೇಲಿಂದ ಕೆಳಗೆ ಇಳಿಸುತ್ತಿದ್ದೆ. ಕಣ್ಣು ಚಮಚದ ಜೊತೆ ಇಳಿಯಬೇಕು. ಅವಳಿಗೆ ಅದು ಕಣ್ಣಿನ ಆಟ ಎಂದು ಹೇಳಿಟ್ಟಿದ್ದೆ. ನಗಿಸುವವರನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಅವಳು ನಕ್ಕಾಗಲೆಲ್ಲ ನಾನು ಅವಳ ಮೊಣಕಾಲು ನೋಡುತ್ತಿದ್ದೆ.

ಅವಳಿಗೆ ಏಳು ವರ್ಷವಾಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಬಂದಳು. ಧರ್ಮಪುರದ ಕಡೆಯವಳು, ಕುರಿ ಕಾಯುವವರ ಮನೆಯ ಮಗಳು, ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೆ ಸೇರಿದ್ದಳು. ಏನು ಕೆಲಸ ಎಂದು ಕೇಳಿದರೆ ಲೈಸೋಸೋಮಿನ ಅಯಾನ್ ಚಾನೆಲ್ ಎಂದಳು. ಖಾಲಿ ತರಗತಿಗೆ ಕರೆದೊಯ್ದು ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಬೆಂಚಿನ ಮೇಲೆ ಕುಳಿತೆ.

ಅವಳು ಬಿಡಿಸಿ ಹೇಳಿದಳು. ಅದು ಬರೀ ಕಸದ ತೊಟ್ಟಿಯಲ್ಲ ಮೇಡಂ, ಅದರೊಳಗೆ ಕ್ಯಾಲ್ಸಿಯಂ ಕೂಡಿಟ್ಟಿರುತ್ತದೆ. ಹೊರಗಿನ ಕೋಶದ್ರವದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಚೀಲದ ಪೊರೆಯಲ್ಲಿ ಪ್ರೋಟೀನಿನ ಸಣ್ಣ ಬಾಗಿಲುಗಳಿವೆ, ಅವೇ ಚಾನೆಲ್‌ಗಳು. ಒಂದು ಬಾಗಿಲು ಚಣಕಾಲ ತೆರೆದರೆ ತುಸು ಕ್ಯಾಲ್ಸಿಯಂ ಹೊರಬಿದ್ದು, ಬಾಗಿಲು ಮತ್ತೆ ಮುಚ್ಚುತ್ತದೆ. ಅಷ್ಟಕ್ಕೇ ಸುತ್ತಲಿನವು ಎಚ್ಚೆತ್ತುಕೊಳ್ಳುತ್ತವೆ. ಚೀಲ ಇದ್ದಲ್ಲಿಂದ ಸರಿಯುತ್ತದೆ, ಇನ್ನೊಂದು ಚೀಲದ ಜೊತೆ ಕೂಡಿಕೊಳ್ಳುತ್ತದೆ, ಎಲ್ಲಾದರೂ ಪೊರೆ ಹರಿದಿದ್ದರೆ ತೇಪೆ ಬೀಳುತ್ತದೆ. ಕ್ಯಾಲ್ಸಿಯಂ ಅಲ್ಲಿ ಸಾಮಾನಲ್ಲ ಮೇಡಂ, ಸುದ್ದಿ.

ಹೇಳಿ ಕಳಿಸೋ ನೀರು, ಎಂದೆ. ಅವಳಿಗೆ ಅರ್ಥವಾಗಲಿಲ್ಲ. ತಮ್ಮನ ಕಾಯಿಲೆಯ ಹೆಸರು ಹೇಳಿ ಕೇಳಿದೆ. ಅಂಥ ಕೋಶಗಳಲ್ಲಿ ಚೀಲದೊಳಗಿನ ಕ್ಯಾಲ್ಸಿಯಂ ದಾಸ್ತಾನೇ ಕಡಿಮೆಯಿರುತ್ತದೆಂದು ಈಗ ಹೇಳುತ್ತಿದ್ದಾರೆ, ಬಾಗಿಲು ತೆರೆದರೂ ಸುದ್ದಿ ಕ್ಷೀಣ, ಅದಕ್ಕೇ ಕೊಬ್ಬು ಇನ್ನಷ್ಟು ಕಟ್ಟಿಕೊಳ್ಳುತ್ತದೋ ಏನೋ, ಎಲ್ಲ ಇನ್ನೂ ತೀರ್ಮಾನವಾಗಿಲ್ಲ ಎಂದಳು. ಔಷಧಿ ಎಂದೆ. ತಲೆ ಅಲ್ಲಾಡಿಸಿದಳು. ಹೋಗುವಾಗ ಯಾರಿಗೆ ಮೇಡಂ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದು ಸುಳ್ಳು ಹೇಳಿದೆ.

ಅದೇ ವಾರ ಮಗಳು ಮೆಟ್ಟಿಲಲ್ಲಿ ಮುಗ್ಗರಿಸಿದಳು. ಮನೆಯ ಮುಂದಿನ ಮೂರೇ ಮೆಟ್ಟಿಲು, ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ, ಎರಡನೆಯದರಲ್ಲಿ ಕಾಲು ತಪ್ಪಿತು. ಮಾರನೆಯ ದಿನವೂ. ಚಮಚ ಹಿಡಿದರೆ ಅವಳ ಕಣ್ಣು ಇಳಿಯಲಿಲ್ಲ, ಗಲ್ಲ ಬಿಡಿಸಿಕೊಂಡು ತಲೆಯನ್ನೇ ತಗ್ಗಿಸಿದಳು. ತಮ್ಮ ಮಾಡುತ್ತಿದ್ದದ್ದೇ. ಅಳುತ್ತಿದ್ದ ಅವಳನ್ನು ಇನ್ನೊಂದು ಸಲ ಇಳಿ, ಇನ್ನೊಂದು ಸಲ ಇಳಿ ಎಂದು ಎಷ್ಟು ಸಲ ಇಳಿಸಿದೆನೋ, ಮಾವ ಬಂದು ತಡೆಯುವವರೆಗೂ ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯಲಿಲ್ಲ.

ಭಾನುವಾರ ಅವಳನ್ನು ಕರೆದುಕೊಂಡು ಊರಿಗೆ ಹೋದೆ. ಯಾಕೆ ಹೋದೆನೋ. ಹೆದರಿದಾಗ ಹೋಗಲು ನನಗೆ ಬೇರೆ ಜಾಗ ಗೊತ್ತಿರಲಿಲ್ಲ. ಅಪ್ಪ ಏರಿಯ ಮೇಲೆ ಕುಳಿತಿದ್ದ. ಕೆರೆಯಲ್ಲಿ ಮೊದಲಿನಷ್ಟು ನೀರು ನಿಲ್ಲುತ್ತಿರಲಿಲ್ಲ, ತೂಬಿನ ಕೆಲಸವೂ ಹೆಸರಿಗಷ್ಟೇ ಆಗಿತ್ತು. ಮೊಮ್ಮಗಳು ಅವನ ತೊಡೆಯ ಹತ್ತಿರ ಕುಳಿತು ಏನೇನೋ ಹೇಳಿಕೊಂಡಳು, ಆಮೇಲೆ ಏರಿಯ ಮೇಲೆ ಓಡಾಡಲು ಹೋದಳು. ನಾನು ವಿದ್ಯಾರ್ಥಿನಿ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಅಪ್ಪನಿಗೆ ಹೇಳಿದೆ. ಚೀಲ, ಬಾಗಿಲು, ಸುದ್ದಿ. ಅಪ್ಪ ಕೆರೆಯ ಕಡೆಯೇ ನೋಡುತ್ತಿದ್ದ.

"ಹೂಳು ತುಂಬಿದ ಕೆರೆ ಹಂಗೇ ಕಣವ್ವ," ಎಂದ. "ನೋಡೋಕೆ ತುಂಬಿದಂಗೇ ಕಾಣ್ತೈತೆ. ತೂಬು ಎತ್ತಿದ್ರೆ ಹೇಳಿ ಕಳ್ಸೋಕೂ ನೀರಿರಲ್ಲ."

ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ಮತ್ತೆ ಹೇಳಿದ. "ಅವ್ನು ಹೇಳ್ತಾನೇ ಇದ್ದ. ಅಪ್ಪ, ಮೆಟ್ಲು ಕಾಣಲ್ಲ ಅಂತ. ನಾನು ಹೆದ್ರಿಕೆ ಅಂದ್ಕಂಡೆ."

ಕಾಯಿಲೆಯ ಹೆಸರು ತಿಳಿದ ಮೇಲಿನ ಏಳೆಂಟು ವರ್ಷದಲ್ಲಿ ಅಪ್ಪ ಆ ಮಾತು ಎತ್ತಿದ್ದು ಅದೇ ಮೊದಲು. ಅವನು ನನ್ನ ಕಡೆ ತಿರುಗಿದ.

"ಕೂಸು ಹೇಳಿತು, ನೀನು ಚಮಚ ಹಿಡ್ಕಂಡು ನಡುಗ್ತೀಯಂತೆ. ಅಮ್ಮ ಗೇಟತ್ರ ನಿಂತ್ರೆ ನಂಗೆ ಕಾಲೇ ಬರಲ್ಲ ತಾತ ಅಂತೈತೆ. ನಾನು ಕಾಲು ಇಳಿಸ್ದೆ, ನೀನು ಕಣ್ಣು ಇಳಿಸ್ತಿದೀಯ. ಬ್ಯಾಡ ಕಣವ್ವ. ಡಾಕ್ಟ್ರತ್ರ ಹೋಗು."

ನನಗೆ ಸಿಟ್ಟು ಬಂತು. ಹೇಳುವುದು ಸುಲಭ ಎಂದು ಏನೋ ಬಿರುಸಾಗಿ ಅಂದೂಬಿಟ್ಟೆ. ಅಷ್ಟರಲ್ಲಿ ನೀರು ಕುಡಿಯಲು ಒಂದು ಕುರಿಮಂದೆ ಬಂತು. ಅಪ್ಪ ಪಕ್ಕಕ್ಕೆ ಬಿಚ್ಚಿಟ್ಟಿದ್ದ ರುಮಾಲಿನ ತುದಿಯನ್ನು ಒಂದು ಮರಿ ಬಾಯಿಗೆ ಹಾಕಿಕೊಂಡು ಎಳೆಯಿತು. ಅಪ್ಪ ಇತ್ತ ಎಳೆದ, ಅದು ಅತ್ತ ಎಳೆಯಿತು. ಮರಿ ಮೆಟ್ಟಿಲಿಳಿದು ಓಡಿತು, ಅಪ್ಪ ರುಮಾಲು ಬಿಡದೆ ಅದರ ಹಿಂದೆಯೇ ಹೋದ, ಕೆಳಗಿನ ಮೆಟ್ಟಿಲಲ್ಲಿ ಜಾರಿ ಮೊಣಕಾಲುದ್ದ ಕೆಸರಿನಲ್ಲಿ ಕುಳಿತುಬಿಟ್ಟ. ರುಮಾಲು ಮರಿಯ ಕುತ್ತಿಗೆಗೆ ಸುತ್ತಿಕೊಂಡಿತ್ತು. ಮಗಳು ಏರಿಯ ಮೇಲಿನ ಮೆಟ್ಟಿಲ ಅಂಚಿನಲ್ಲಿ ನಿಂತು ಇದನ್ನೆಲ್ಲ ನೋಡಿದಳು, ನಕ್ಕಳು.

ಅವಳು ಅಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ನಗಬೇಡ ಎಂದು ಕಿರುಚಿದೆ. ನನ್ನ ಕಿರುಚಾಟಕ್ಕೆ ಕುರಿಗಳು ಚೆದುರಿದವು, ಅದಕ್ಕೂ ಅವಳು ಇನ್ನಷ್ಟು ನಕ್ಕಳು. ಅವಳ ಮೊಣಕಾಲು ಬಾಗಿತು. ಬಾಗಿ ಕುಕ್ಕರುಗಾಲಿನಲ್ಲಿ ಕುಳಿತಳು. ಮುಗಿಯಿತು, ಎಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು, ಉಸಿರೆಳೆದುಕೊಂಡು, ತಾನೇ ಎದ್ದಳು. ಎದ್ದವಳು ಕೆಳಗೆ ನೋಡಿ, ಆ ಮೆಟ್ಟಿಲುಗಳನ್ನು ದಡದಡ ಇಳಿದು, ತಾತನಿಗೆ ಕೈ ಕೊಟ್ಟಳು. ತಮ್ಮ ದಿನಕ್ಕೆ ಇಪ್ಪತ್ತು ಸಲ ಇಳಿದು, ಬಿದ್ದ ಮೆಟ್ಟಿಲುಗಳು. ಅಪ್ಪ ಕೆಸರಿನಲ್ಲಿ ಕುಳಿತೇ ಅಳುತ್ತಿದ್ದ.

ಅದರಿಂದ ಭಯ ಹೋಯಿತು ಎಂದರೆ ಸುಳ್ಳು. ಆದರೆ ಕೇಳುವ ಧೈರ್ಯ ಬಂತು. ಮಾವನೂ ನಾನೂ ಅವಳನ್ನು ಬೆಂಗಳೂರಿಗೆ ಕರೆದೊಯ್ದೆವು. ತೋಳಿನಿಂದ ಚರ್ಮದ ಚೂರು ತೆಗೆದರು. ಫಲಿತಾಂಶ ಬರುವವರೆಗಿನ ವಾರಗಳನ್ನು ನಾನು ಬರೆಯಲಾರೆ. ತರಗತಿಯಲ್ಲಿ ಯಾವ ಪಾಠ ಮಾಡಿದೆ ಎಂಬುದೂ ನೆನಪಿಲ್ಲ. ಕೊನೆಗೆ ಮತ್ತದೇ ಕೊಠಡಿ, ಬೇರೆ ಡಾಕ್ಟರು. ಕಾಯಿಲೆ ಇಲ್ಲ ಎಂದರು. ನಿಮ್ಮಲ್ಲಿ ಇರಬಹುದಾದಂತೆ ಅವಳಲ್ಲೂ ದೋಷ ಅಡಗಿರಬಹುದು, ಅದು ಅವಳ ಮದುವೆಯ ಹೊತ್ತಿಗೆ ನೋಡಿಕೊಳ್ಳಬೇಕಾದ ಮಾತು, ಸಂಬಂಧದಲ್ಲಿ ಮಾತ್ರ ಕೊಡಬೇಡಿ ಎಂದರು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದರು.

ಆಸ್ಪತ್ರೆಯ ಹೊರಗೆ ಉದ್ದನೆಯ ಮೆಟ್ಟಿಲು. ಮಾವ ಮುಂದೆ ಇಳಿಯುತ್ತಾ ಮಗಳಿಗೆ ಏನೋ ತಮಾಷೆ ಹೇಳಿದ. ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಅವನೂ. ಅವಳು ನಕ್ಕಳು. ನಾನು ಹಿಂದಿನಿಂದ ಓಡಿ ಬಂದು ಅವಳ ಎದುರಿಗೆ ಕೆಳಗಿನ ಮೆಟ್ಟಿಲಲ್ಲಿ ನಿಂತು, ಬೀಳದಂತೆ ಹಿಡಿಯಲು ಎರಡೂ ಕೈ ಚಾಚಿದೆ. ಕಣ್ಣು ಅವಳ ಮೊಣಕಾಲಿನ ಮೇಲಿತ್ತು.

"ನನ್ ಮುಖ ಮೇಲೈತಮ್ಮ," ಎಂದಳು.

ತಲೆ ಎತ್ತಿದೆ. ಅವಳು ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ತಮ್ಮನಿಗೂ ಬೀಳುತ್ತಿತ್ತು. ಅಷ್ಟರಲ್ಲಿ ಅವಳಿಗೆ ಎಂಟು ತುಂಬಿತ್ತು, ನಾನು ಅದನ್ನು ನೋಡಿದ್ದು ಅದೇ ಮೊದಲು.